ಗ್ರೂಪು ಅವರದು, ಸಾಲ ನಮ್ಮದು



ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಸಾಕು, ಎಂ.ವಿ.ಪಿ. ಕಾಲೋನಿಯ ಹೋಟೆಲುಗಳ ಹಿಂಬಾಗಿಲಿಗೆ ಒಂದು ಹೊಸ ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ಇವರು ಇಡ್ಲಿ ತಿನ್ನಲು ಬಂದವರಲ್ಲ. ಕೈಯಲ್ಲಿ ಬಣ್ಣಬಣ್ಣದ ಕರಪತ್ರ, ಕಿಸೆಯಲ್ಲಿ ರಸೀದಿ ಪುಸ್ತಕ, ಬಾಯಲ್ಲಿ ಬೆಲ್ಲ. "ಅನ್ನಾ, ನಿಮ್ಮ ಹುಡುಗ ಟೆಂತ್ ಬರೆದನಂತೆ. ಫಲಿತಾಂಶದ ತನಕ ಕಾಯಬೇಡಿ, ಈಗಲೇ ಸ್ವಲ್ಪ ಕಟ್ಟಿ ಸೀಟು ಹಿಡಿದುಬಿಡಿ" ಎನ್ನುತ್ತಾರೆ. ಯಾವ ಗ್ರೂಪು ಎಂದು ಕೇಳಿದರೆ, "ಎಂ.ಪಿ.ಸಿ., ಮತ್ತೇನು!" ಅಪ್ಪ ದೋಸೆಕಲ್ಲಿನ ಮುಂದೆ ನಿಂತಿರುತ್ತಾನೆ. ಒಳಗಿನಿಂದ ಎರಡು ಮಸಾಲೆ ಒಂದು ಪ್ಲೇನ್ ಎಂದು ಕೂಗು ಬರುತ್ತಿರುತ್ತದೆ. ಆ ಎರಡು ಮಸಾಲೆ ಒಂದು ಪ್ಲೇನ್ ಹೊರಬೀಳುವಷ್ಟರಲ್ಲಿ ಒಬ್ಬ ಹುಡುಗನ ಮುಂದಿನ ಆರು ವರ್ಷದ ಹಣೆಬರಹ ಬರೆದು ಮುಗಿದಿರುತ್ತದೆ. ಬರೆದವನು ಕಮಿಷನ್ ಏಜೆಂಟು.

ಇದನ್ನು ನಾವು ವಿರೋಧಿಸುತ್ತೇವೆ. ಸಂಘದ ಹಿಂದಿನ ಸಭೆಯಲ್ಲಿ ಈ ಮಾತು ಎತ್ತಿದಾಗ ಇಬ್ಬರು ಬಂಧುಗಳು ನಮಗೆ ಅಡ್ಡ ಬಂದರು. ಒಬ್ಬರ ವಾದ: "ಎಲ್ಲರೂ ಎಂ.ಪಿ.ಸಿ. ಸೇರಿಸುವಾಗ ನಮ್ಮ ಮಕ್ಕಳು ಮಾತ್ರ ಯಾಕೆ ಹಿಂದೆ ಬೀಳಬೇಕು?" ಇನ್ನೊಬ್ಬರ ವಾದ ಇದಕ್ಕೆ ತಿರುಗುಮುರುಗು: "ಲೋಟ ತೊಳೆಯುವವನ ಮಗನಿಗೆ ಯಾವ ಗ್ರೂಪಾದರೇನು ಮಾರಾಯರೇ, ಹಗುರದ್ದು ಯಾವುದೋ ಒಂದು ಓದಿ ಪಾಸಾದರೆ ಸಾಕು." ಇಬ್ಬರೂ ಪ್ರಾಮಾಣಿಕರು, ಚಂದಾ ತಪ್ಪಿಸದವರು. ಆದರೆ ಇಬ್ಬರ ಮಾತೂ ತಪ್ಪು, ಎರಡರ ತಪ್ಪೂ ಒಂದೇ. ಇಬ್ಬರೂ ಊರಿನ ಮುಖ ನೋಡಿ ಮಾತಾಡಿದರು, ಹುಡುಗನ ಅಂಕಪಟ್ಟಿಯನ್ನು ಇಬ್ಬರೂ ನೋಡಲಿಲ್ಲ.

ನಾವು ಸ್ವತಃ ಏಳನೆಯ ತರಗತಿಗೆ ಪುಸ್ತಕ ಕಟ್ಟಿಟ್ಟು ಲೋಟ ತೊಳೆಯಲು ಬಂದವರು. ನಮಗೆ ಗ್ರೂಪೂ ಇರಲಿಲ್ಲ, ಐಚ್ಛಿಕವೂ ಇರಲಿಲ್ಲ. ಇವರಿಗೇನು ತಿಳಿದೀತು ಎಂದು ನಗುವವರು ನಗಲಿ. ಸಂಘದ ವಾಚನಾಲಯಕ್ಕೆ ಬರುವ ನಿವೃತ್ತ ಗಣಿತ ಉಪನ್ಯಾಸಕರೊಬ್ಬರ ಕಾಲಬುಡದಲ್ಲಿ ಕುಳಿತು, ಅವರ ತಾಳ್ಮೆ ಕೆಡುವ ತನಕ ಪ್ರಶ್ನೆ ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ೧೯೨೬ರಲ್ಲಿ ಸ್ಥಾಪನೆಯಾದ ಆಂಧ್ರ ವಿಶ್ವವಿದ್ಯಾಲಯ ನಮ್ಮ ಕಾಲೋನಿಯಿಂದ ಕೂಗಳತೆಯಲ್ಲಿದೆ. ಅದರ ಗೋಡೆಯ ಪಕ್ಕದಲ್ಲೇ ನಾವು ದಿನವೂ ಹಾಲಿನ ಕ್ಯಾನು, ತರಕಾರಿ ಮೂಟೆ ಹೊತ್ತು ಓಡಾಡುತ್ತೇವೆ. ಆ ಗೋಡೆಯ ಒಳಗೆ ಯಾರು ಯಾವ ಬಾಗಿಲಿನಿಂದ ಹೋಗಬಹುದು ಎಂಬುದು ಹದಿನೈದನೆಯ ವಯಸ್ಸಿಗೇ ಅರ್ಧ ತೀರ್ಮಾನವಾಗಿಬಿಡುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ.

ಮೊದಲು ಗ್ರೂಪೆಂದರೇನೆಂದು ಹೇಳಿಬಿಡೋಣ; ಮುಂಬಯಿಯ, ಬೆಂಗಳೂರಿನ ನಮ್ಮ ಓದುಗರಿಗೂ ಅನುಕೂಲವಾದೀತು. ಕರ್ನಾಟಕದಲ್ಲಿ ಪಿ.ಯು.ಸಿ. ಎನ್ನುವುದನ್ನೇ ಇಲ್ಲಿ ಇಂಟರ್ ಎನ್ನುತ್ತಾರೆ. ಎರಡು ವರ್ಷ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಸೇರಿದರೆ ಎಂ.ಪಿ.ಸಿ. ಗಣಿತದ ಬದಲು ಜೀವಶಾಸ್ತ್ರ ಬಂದರೆ ಬೈಪಿಸಿ. ಪೌರನೀತಿ, ಅರ್ಥಶಾಸ್ತ್ರ, ವಾಣಿಜ್ಯ ಸೇರಿದರೆ ಸಿ.ಇ.ಸಿ.; ಅದರಲ್ಲಿ ಪೌರನೀತಿ ತೆಗೆದು ಗಣಿತ ಇಟ್ಟರೆ ಎಂ.ಇ.ಸಿ. ಇತಿಹಾಸವಿದ್ದರೆ ಎಚ್.ಇ.ಸಿ. ಬೈಪಿಸಿ ಇಲ್ಲದೆ ವೈದ್ಯಕೀಯವಿಲ್ಲ, ಎಂ.ಪಿ.ಸಿ. ಇಲ್ಲದೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಿಲ್ಲ ಎಂಬಷ್ಟು ಎಲ್ಲರಿಗೂ ಗೊತ್ತು. ಸಿ.ಇ.ಸಿ. ಮತ್ತು ಎಂ.ಇ.ಸಿ.ಗಳ ನಡುವಿನ ಆ ಒಂದು ಅಕ್ಷರದ ಅಂತರ ಮಾತ್ರ ನಮ್ಮ ಜನರಲ್ಲಿ ಯಾರಿಗೂ ಗೊತ್ತಿಲ್ಲ. ಆ ಒಂದು ಅಕ್ಷರಕ್ಕೆ ನಾವೇ ಕೊಡಿಸಿದ ದಂಡದ ಕಥೆ ಮುಂದೆ ಬರುತ್ತದೆ.

ಈಗ ಮೊದಲನೆಯ ವಾದವನ್ನು ನೋಡೋಣ: ಎಲ್ಲರೂ ಎಂ.ಪಿ.ಸಿ.

ನಮ್ಮ ಸಪ್ಲೈಯರ್ ಬಂಧುವೊಬ್ಬರ ಮಗ. ಹೆಸರು ಬೇಡ, ಹುಡುಗನಿಗೆ ಮುಜುಗರವಾಗುತ್ತದೆ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ೪೧, ಸಮಾಜಕ್ಕೆ ೮೮. ಇದನ್ನು ಓದಿ ಹೇಳಲು ಉಪನ್ಯಾಸಕರೇ ಬೇಕೆ? ಸಾಂಬಾರಿಗೆ ಉಪ್ಪು ಎಷ್ಟು ಬಿದ್ದಿದೆಯೆಂದು ಮೂಗಿನಲ್ಲೇ ಹೇಳುವ ಜನ ನಾವು, ಈ ಎರಡು ಅಂಕಿ ನೋಡಿ ಏನೂ ಹೇಳದೆ ಹೋದೆವು. ಏಜೆಂಟ್ ಬಂದ, ಎಂ.ಪಿ.ಸಿ. ಎಂದ, ವಸತಿ ಕಾಲೇಜು ಎಂದ. ಲಕ್ಷಕ್ಕೆ ಮೇಲ್ಪಟ್ಟ ಶುಲ್ಕ. ತಂದೆ ಧಣಿಗಳ ಹತ್ತಿರ ಮುಂಗಡ ಪಡೆದರು. ಹುಡುಗ ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತರ ತನಕ ಕುಳಿತ. ಕುಳಿತು ಕಲಿತದ್ದು ಗಣಿತವಲ್ಲ. ಇಲ್ಲಿನ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಮೂರು ಗಂಟೆಗೆ ೧೬೦ ಪ್ರಶ್ನೆ. ಅದರಲ್ಲಿ ಗಣಿತದ್ದೇ ೮೦. ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ. ಅಷ್ಟರಲ್ಲಿ ನಾಲ್ಕು ಉತ್ತರಗಳಲ್ಲಿ ಮೂರನ್ನು ಹೊಡೆದುಹಾಕುವ ಉಪಾಯ ಹೇಗೆ, ಅದನ್ನು ಕಲಿಸಿದರು. ಲೆಕ್ಕ ಯಾಕೆ ಹಾಗೆ ಆಗುತ್ತದೆ ಎಂದು ಕೇಳಿದ ಹುಡುಗನಿಗೆ ಸಮಯ ಹಾಳುಮಾಡಬೇಡ ಎಂದರು.

ಇಂಟರ್ ಪಾಸಾದ. ರ್ಯಾಂಕು ದೂರದ್ದು ಬಂತು; ಆದರೂ ಯಾವುದೋ ಒಂದು ಇಂಜಿನಿಯರಿಂಗ್ ಕಾಲೇಜು ಕೈಚಾಚಿ ಕರೆದುಕೊಂಡಿತು. ಅಲ್ಲಿ ಮೊದಲ ವರ್ಷವೇ ಮ್ಯಾಟ್ರಿಕ್ಸು, ಕಲನಶಾಸ್ತ್ರ, ಅವಕಲ ಸಮೀಕರಣ. ಇಂಟರಿನಲ್ಲಿ ಇವೆಲ್ಲ ಮುಗಿದಿವೆ, ಹುಡುಗನಿಗೆ ಬರುತ್ತವೆ ಎಂದು ನಂಬಿ ಅಲ್ಲಿನ ಮೇಷ್ಟ್ರು ಮುಂದಿನ ಪುಟದಿಂದ ಶುರುಮಾಡಿದರು. ಇಲ್ಲಿ ನಾಲ್ಕು ಉತ್ತರ ಕೊಟ್ಟಿರುವುದಿಲ್ಲ, ಇಡೀ ಪುಟ ಬರೆಯಬೇಕು. ಗಣಿತ ಹೋಯಿತು. ಮತ್ತೆ ಬರೆದ, ಮತ್ತೆ ಹೋಯಿತು. ಬ್ಯಾಕ್‌ಲಾಗ್ ಎಂಬ ಶಬ್ದ ಆ ಮನೆಯಲ್ಲಿ ಅನ್ನ ನೀರಿನಂತೆ ಬಳಕೆಯಾಯಿತು. ಮೂರನೆಯ ವರ್ಷಕ್ಕೆ ಬಿಟ್ಟ.

ಹುಡುಗ ದಡ್ಡನೆ? ಅವನ ಸಮಾಜದ ೮೮ ಯಾರ ಅಂಕ? ಅವನನ್ನು ಎಚ್.ಇ.ಸಿ. ಓದಿಸಿ ಕಾನೂನಿಗೆ ಕಳಿಸಿದ್ದರೆ ಇಂದು ನಮ್ಮ ಸಂಘಕ್ಕೊಬ್ಬ ವಕೀಲ ಸಿಗುತ್ತಿದ್ದ. ಲೇಬರ್ ಕೋರ್ಟಿನ ಮೆಟ್ಟಿಲು ಹತ್ತುವಾಗಲೆಲ್ಲ ನಮಗೆ ಆ ಹುಡುಗನ ನೆನಪಾಗುತ್ತದೆ.

ಮುಂಗಡದ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ಬಂಧುಗಳೇ. ನಮ್ಮ ಪತ್ರಿಕೆ ಈ ವಿಷಯವನ್ನು ಎತ್ತಿಕೊಂಡಿರುವುದೇ ಅದಕ್ಕಾಗಿ. ಆ ಮುಂಗಡ ತೀರುವ ತನಕ ತಂದೆ ಆ ಹೋಟೆಲು ಬಿಡುವಂತಿಲ್ಲ. ಸಂಬಳ ಹೆಚ್ಚಿಸಿ ಎಂದು ಬಾಯಿ ತೆರೆಯುವಂತಿಲ್ಲ. ಹನ್ನೆರಡು ಗಂಟೆ ದುಡಿದು ಎಂಟಕ್ಕೆ ಸಹಿ ಹಾಕು ಎಂದರೆ ಹಾಕಬೇಕು. ಸಂಘದ ಚಂದಾ ರಸೀದಿಯನ್ನು ಸಹ ಬನಿಯನ್ನಿನೊಳಗೆ ಬಚ್ಚಿಡಬೇಕು. ಮಗ ಓದು ಬಿಟ್ಟು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ತಂದೆ ಇನ್ನೂ ಅದೇ ಟೇಬಲಿನಲ್ಲಿ ಆ ಎಂ.ಪಿ.ಸಿ.ಯ ಬಾಕಿಯನ್ನು ತೀರಿಸುತ್ತಿದ್ದಾರೆ. ಹುಡುಗ ಸೋತದ್ದು ಗಣಿತದಲ್ಲಿ. ಆದರೆ ಜೀತಕ್ಕೆ ಬಿದ್ದದ್ದು ತಂದೆ. ಇದನ್ನು ಶಿಕ್ಷಣದ ಪ್ರಶ್ನೆ ಎನ್ನುತ್ತೀರೋ ಕೂಲಿಯ ಪ್ರಶ್ನೆ ಎನ್ನುತ್ತೀರೋ?

ಇನ್ನು ನಮ್ಮ ಧಣಿಗಳ ಮಕ್ಕಳನ್ನು ನೋಡಿ. ಎಷ್ಟು ಜನ ಎಂ.ಪಿ.ಸಿ. ಹಿಂದೆ ಓಡಿದ್ದಾರೆ? ನಮಗೆ ತಿಳಿದ ನಾಲ್ಕಾರು ಮನೆಗಳಲ್ಲಿ ವಾಣಿಜ್ಯ ಓದಿದವರೇ ಹೆಚ್ಚು, ಅದರಲ್ಲೂ ಗಣಿತ ಸೇರಿಸಿ. ಒಬ್ಬ ಲೆಕ್ಕ ಪರಿಶೋಧಕನಾಗಿದ್ದಾನೆ. ನಾವು ಕೀಳೆಂದು ಬಿಟ್ಟ ಗ್ರೂಪನ್ನು ಅವರು ಓದಿ ನಮ್ಮ ಮುಂಗಡದ ಲೆಕ್ಕ ಬರೆಯುತ್ತಾರೆ. ಅವರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಮನೆಯಲ್ಲಿ ಹುಡುಗನನ್ನು ಕೂರಿಸಿಕೊಂಡು ಕೇಳುವಷ್ಟು ಬಿಡುವು ಇತ್ತು, ನಮ್ಮ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಹಾಗಾದರೆ ಎರಡನೆಯ ವಾದ ಸರಿಯೇ? ಹಗುರದ್ದನ್ನು ಕೊಡಿಸಿದರೆ ಸಾಕೆ?

ಇಲ್ಲಿ ನಮ್ಮ ತಪ್ಪನ್ನು ನಾವೇ ಬರೆಯಬೇಕಾಗಿದೆ. ಅಡಿಗೆಯ ಬಂಧುವೊಬ್ಬರು ಮಗಳನ್ನು ಕರೆದುಕೊಂಡು ಸಂಘದ ಕಚೇರಿಗೆ ಬಂದರು. ಯಾವ ಗ್ರೂಪು ಕೊಡಿಸಲಿ ಎಂದು ಕೇಳಿದರು. ಅಂದು ಬೋನಸ್ಸಿನ ಗಲಾಟೆ, ಕಚೇರಿ ತುಂಬ ಜನ. ನಾವು ತಲೆ ಎತ್ತದೆ ಹೇಳಿದೆವು: "ಹೆಣ್ಣುಮಗು, ಸರಕಾರಿ ಕಾಲೇಜು ಹತ್ತಿರವಿದೆ, ಸಿ.ಇ.ಸಿ. ಕೊಡಿಸಿ, ಹಗುರ." ಅವರು ಸಂಘದವರ ಮಾತು ವೇದವೆಂದು ನಂಬಿ ಹಾಗೆಯೇ ಮಾಡಿದರು. ಹುಡುಗಿ ಬಿ.ಕಾಂ. ಮುಗಿಸಿದಳು, ಪ್ರಥಮ ದರ್ಜೆ. ಅಲ್ಲಿ ವ್ಯಾಪಾರದ ಸಂಖ್ಯಾಶಾಸ್ತ್ರ ಎಂಬ ಒಂದು ಪತ್ರಿಕೆ ಇತ್ತು. ಅದನ್ನು ಓದುವಾಗ ಆಕೆಗೆ ತನ್ನ ದಾರಿ ಕಂಡಿತು. ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದಬೇಕೆಂದು ಆಸೆಪಟ್ಟಳು. ಅದಕ್ಕೆ ಪದವಿಯಲ್ಲಿ ಗಣಿತ ಬೇಕು. ಪದವಿಯಲ್ಲಿ ಗಣಿತ ಓದಬೇಕಾದರೆ ಇಂಟರಿನಲ್ಲಿ ಗಣಿತ ಬೇಕಿತ್ತು. ಬಾಗಿಲು ಐದು ವರ್ಷದ ಹಿಂದೆಯೇ ಮುಚ್ಚಿತ್ತು. ಮುಚ್ಚಿದವರು ನಾವು.

ಆಕೆ ಸಂಘಕ್ಕೆ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಚಿಕ್ಕಪ್ಪ, ಆವತ್ತು ನನ್ನ ಮಾರ್ಕ್ಸ್ ಕಾರ್ಡು ನೋಡಿದ್ದಿರಾ?" ನೋಡಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಆಕೆಗೆ ಗಣಿತಕ್ಕೆ ೯೬. ಅದೇ ಕಾಲೇಜಿನಲ್ಲಿ ಎಂ.ಇ.ಸಿ. ಎಂದು ಬರೆಸಿದ್ದರೆ ಶುಲ್ಕದಲ್ಲಿ ಹೆಚ್ಚೇನೂ ಅಂತರವಿರಲಿಲ್ಲ. ವಾಣಿಜ್ಯವೂ ಉಳಿಯುತ್ತಿತ್ತು, ಗಣಿತವೂ ಉಳಿಯುತ್ತಿತ್ತು. ಏಜೆಂಟನನ್ನು ಬಯ್ಯುವುದು ಸುಲಭ. ಅವನಿಗಾದರೂ ಕಮಿಷನ್ ಸಿಕ್ಕಿತು. ನಾವು ಪುಕ್ಕಟೆಯಾಗಿ ಒಬ್ಬ ಹುಡುಗಿಯ ದಾರಿ ಕಡಿದೆವು.

ಅಂದಿನಿಂದ ಈ ವಿಷಯದ ಬೆನ್ನು ಹತ್ತಿದ್ದೇವೆ. ಹೈಸ್ಕೂಲಿನಲ್ಲಿ ಆರಿಸಿದ ವಿಷಯಕ್ಕೂ ಕಾಲೇಜಿನಲ್ಲಿ ಬರುವ ಫಲಕ್ಕೂ ನಿಜವಾಗಿ ಸಂಬಂಧವಿದೆಯೆ, ಇದ್ದರೆ ಎಂಥದು ಎಂದು ಉಪನ್ಯಾಸಕರನ್ನು ಕೇಳಿದೆವು. ಅವರು ಮೂರು ದೊಡ್ಡ ಪರಿಶೀಲನೆಗಳನ್ನು ಹೇಳಿದರು. ಮೂರೂ ಅಮೆರಿಕದವು. ಅಮೆರಿಕದ ಮಾತು ದೋಸೆಕಲ್ಲಿನ ಮುಂದೆ ಯಾಕೆ ಎನ್ನಬೇಡಿ. ಹುಡುಗರ ತಲೆ ಎಲ್ಲ ಕಡೆಯೂ ಒಂದೇ ತರಹ ಕೆಲಸ ಮಾಡುತ್ತದೆ.

೧೯೯೯ರಲ್ಲಿ ಕ್ಲಿಫರ್ಡ್ ಅಡೆಲ್ಮನ್ ಎಂಬವರು ಅಲ್ಲಿನ ಸರಕಾರದ ಶಿಕ್ಷಣ ಇಲಾಖೆಗಾಗಿ ಸಾವಿರಾರು ವಿದ್ಯಾರ್ಥಿಗಳ ದಾಖಲೆ ತೆಗೆದು ನೋಡಿದರು. ಯಾರು ಪದವಿ ಮುಗಿಸುತ್ತಾರೆ, ಯಾರು ನಡುವೆ ಬಿಡುತ್ತಾರೆ? ತಂದೆಯ ಸಂಪಾದನೆ, ಪರೀಕ್ಷೆಯ ಅಂಕ, ತರಗತಿಯಲ್ಲಿನ ಸ್ಥಾನ ಇವೆಲ್ಲಕ್ಕಿಂತ ಹೆಚ್ಚಾಗಿ, ಹೈಸ್ಕೂಲಿನಲ್ಲಿ ಹುಡುಗ ಎಷ್ಟು ಗಟ್ಟಿಯಾದ ಪಾಠಗಳನ್ನು ಓದಿದ್ದಾನೆ ಎಂಬುದೇ ಅದನ್ನು ಹೇಳಿತಂತೆ. ಅದರಲ್ಲೂ ಗಣಿತ. ಬೀಜಗಣಿತದ ಎರಡನೆಯ ಹಂತವನ್ನು ದಾಟಿ ಇನ್ನೊಂದು ಮೆಟ್ಟಿಲು ಹತ್ತಿದವನು ಪದವಿ ಮುಗಿಸುವ ಸಂಭವ ಎರಡು ಪಟ್ಟಿಗೂ ಮೇಲಾಯಿತು. ತಂದೆಯ ಸಂಪಾದನೆಗಿಂತ ಹೆಚ್ಚು, ಇದನ್ನು ಗಮನಿಸಿ! ಲೋಟ ತೊಳೆಯುವವನ ಮಗನಿಗೆ ಯಾವುದಾದರೇನು ಎಂದ ಬಂಧುವಿಗೆ ಇದು ನಮ್ಮ ಉತ್ತರ.

೨೦೦೭ರಲ್ಲಿ ಫಿಲಿಪ್ ಸ್ಯಾಡ್ಲರ್, ರಾಬರ್ಟ್ ಟೈ ಎಂಬಿಬ್ಬರು ಎಂಟು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಹೈಸ್ಕೂಲಿನಲ್ಲಿ ರಸಾಯನ ಹೆಚ್ಚು ಓದಿದವನು ಕಾಲೇಜಿನ ರಸಾಯನದಲ್ಲಿ ಮುಂದಿದ್ದ. ಜೀವಶಾಸ್ತ್ರ ಓದಿದವನು ಜೀವಶಾಸ್ತ್ರದಲ್ಲಿ ಮುಂದಿದ್ದ. ಆದರೆ ರಸಾಯನ ಓದಿದ್ದು ಜೀವಶಾಸ್ತ್ರಕ್ಕೆ ನೆರವಾಗಲಿಲ್ಲ, ಭೌತಶಾಸ್ತ್ರ ಓದಿದ್ದು ರಸಾಯನಕ್ಕೆ ನೆರವಾಗಲಿಲ್ಲ. ಗಣಿತವೊಂದು ಮಾತ್ರ ಮೂರಕ್ಕೂ ನೆರವಾಯಿತು. ನಮ್ಮ ಅಡಿಗೆಮನೆಯಲ್ಲಿ ಹೇಳುವುದಾದರೆ, ಚಟ್ನಿ ಕಲಿತವನಿಗೆ ಪಾಯಸ ಬರಲಾರದು, ಒಲೆಯ ಹದ ಬಲ್ಲವನಿಗೆ ಎರಡೂ ಬಂದೀತು.

ಹಾಗಿದ್ದರೆ ಎಲ್ಲರಿಗೂ ಗಣಿತ ತುರುಕೋಣವೇ ಎಂದು ಮೊದಲನೆಯ ಬಂಧು ಎದ್ದು ನಿಲ್ಲಬಹುದು. ತಡೆಯಿರಿ, ಮೂರನೆಯದು ಇದೆ, ಹಳೆಯದು. ೧೯೩೩ರಿಂದ ೧೯೪೧ರ ತನಕ ಅಲ್ಲಿ ಮೂವತ್ತು ಶಾಲೆಗಳಿಗೆ ಒಂದು ಸ್ವಾತಂತ್ರ್ಯ ಕೊಟ್ಟರು. ಕಾಲೇಜಿಗೆ ಇಂತಿಂಥ ವಿಷಯ ಓದಿರಲೇಬೇಕೆಂಬ ಕಟ್ಟು ಇಲ್ಲ. ನಿಮ್ಮ ಮಕ್ಕಳಿಗೆ ಒಗ್ಗುವಂತೆ ಕಲಿಸಿ, ನಾವು ಸೇರಿಸಿಕೊಳ್ಳುತ್ತೇವೆ ಎಂದು ಮುನ್ನೂರಕ್ಕೂ ಹೆಚ್ಚು ಕಾಲೇಜುಗಳು ಒಪ್ಪಿದವು. ಆಮೇಲೆ ಆ ಶಾಲೆಗಳ ೧,೪೭೫ ವಿದ್ಯಾರ್ಥಿಗಳನ್ನು, ಹಳೆಯ ಕಟ್ಟಿನಲ್ಲಿ ಓದಿದ ಅಷ್ಟೇ ಜನರೊಡನೆ, ವಯಸ್ಸು ಬುದ್ಧಿ ಮನೆತನ ಸರಿಹೋಲುವಂತೆ ಜೋಡಿ ಮಾಡಿ ನೋಡಿದರು. ಕಟ್ಟಿಲ್ಲದೆ ಓದಿದವರು ಹಿಂದೆ ಬೀಳಲಿಲ್ಲ, ತುಸು ಮುಂದೆಯೇ ಇದ್ದರು.

ಮೊದಲೆರಡು ಮಾತಿಗೂ ಇದಕ್ಕೂ ವಿರೋಧವಲ್ಲವೆ ಎಂದು ನಾವು ಉಪನ್ಯಾಸಕರೊಡನೆ ಜಗಳಕ್ಕೇ ನಿಂತೆವು. ಅವರು ನಕ್ಕು, "ಹೆಸರನ್ನು ಓದಿದವನಿಗೂ ವಿಷಯವನ್ನು ಓದಿದವನಿಗೂ ಇರುವ ಅಂತರ ಇದು" ಎಂದರು. ಯೋಚಿಸಿದಾಗ ತಿಳಿಯಿತು. ನಮ್ಮ ಸಪ್ಲೈಯರ್ ಬಂಧುವಿನ ಮಗ ಎಂ.ಪಿ.ಸಿ. ಎಂಬ ಹೆಸರನ್ನು ಎರಡು ವರ್ಷ ಹೊತ್ತ. ಗಣಿತವನ್ನು ಓದಲಿಲ್ಲ, ಓದಲು ಬಿಡಲಿಲ್ಲ. ಅಡಿಗೆಯ ಬಂಧುವಿನ ಮಗಳು ಓದಿ ಅರಗಿಸಿಕೊಳ್ಳಬಲ್ಲವಳಾಗಿದ್ದಳು. ಆಕೆಗೆ ಹೆಸರೇ ಸಿಗಲಿಲ್ಲ.

ನಮ್ಮ ದೇಶದ ಹಿರಿಯರು ಇದನ್ನು ಯೋಚಿಸಿಲ್ಲವೆಂದಲ್ಲ. ೧೯೫೨-೫೩ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರರ ಆಯೋಗ ಹೈಸ್ಕೂಲಿನಲ್ಲೇ ಏಳು ಬಗೆಯ ವಿಷಯಗುಂಪು ಮಾಡಿ, ಹುಡುಗ ತನಗೊಗ್ಗುವುದನ್ನು ಆರಿಸಲಿ ಎಂದಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ೧೯೬೪-೬೬ರ ಕೊಠಾರಿ ಆಯೋಗ ಅದು ತೀರ ಬೇಗವಾಯಿತೆಂದು ಕಂಡು, ಹತ್ತನೆಯ ತರಗತಿಯ ತನಕ ಗುಂಪು ಬೇಡ, ಎಲ್ಲರೂ ಗಣಿತ ವಿಜ್ಞಾನ ಓದಲಿ ಎಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ವಿಜ್ಞಾನಗಳ ನಡುವಿನ ಗೋಡೆಯೇ ಬೇಡವೆಂದಿತು. ಆಂಧ್ರದ ಇಂಟರ್ ಬೋರ್ಡು ೨೦೨೫-೨೬ರಿಂದ ಗಣಿತವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಓದುವ ದಾರಿ ತೆರೆದಿದೆ. ೨೦೨೩ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಜೀವಶಾಸ್ತ್ರವನ್ನು ಆಮೇಲೆ ಪ್ರತ್ಯೇಕವಾಗಿ ಓದಿ ಪಾಸಾದವನೂ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯಬಹುದೆಂದಿತು. ೨೦೨೧ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗಿಗೆ ಇಂಟರಿನ ಗಣಿತ ಭೌತಶಾಸ್ತ್ರ ಕಡ್ಡಾಯವಲ್ಲವೆಂದೂ ಹೇಳಿ, ಗದ್ದಲವೆದ್ದ ಮೇಲೆ ಗಣಿತ ಬುನಾದಿಯೇ ಹೌದೆಂದು ಸಮಜಾಯಿಷಿ ಕೊಟ್ಟಿತು. ಬಾಗಿಲುಗಳು ಮೊದಲಿಗಿಂತ ಅಗಲವಾಗುತ್ತಿವೆ, ಸಂತೋಷ. ಆದರೆ ಬಾಗಿಲು ಅಗಲವಾದ ಮಾತ್ರಕ್ಕೆ ಒಳಗೆ ಹೋದವನ ಕಾಲಿಗೆ ಬಲ ಬರುವುದಿಲ್ಲ.

ಈ ವಿಷಯದಲ್ಲಿ ಔಷಧ ಶಾಸ್ತ್ರದವರು ಪ್ರಾಮಾಣಿಕರೆನ್ನಬೇಕು. ಬಿ. ಫಾರ್ಮಸಿಗೆ ಎಂ.ಪಿ.ಸಿ.ಯವರೂ ಬರಬಹುದು, ಬೈಪಿಸಿಯವರೂ ಬರಬಹುದು. ಮೊದಲ ಸೆಮಿಸ್ಟರಿನಲ್ಲೇ, ಗಣಿತ ಓದದವರಿಗೆ ಗಣಿತದ ಪೂರಕ ಪಾಠ, ಜೀವಶಾಸ್ತ್ರ ಓದದವರಿಗೆ ಜೀವಶಾಸ್ತ್ರದ ಪೂರಕ ಪಾಠ ಎಂದು ಫಾರ್ಮಸಿ ಕೌನ್ಸಿಲಿನ ಪಠ್ಯದಲ್ಲೇ ಬರೆದಿದೆ. ನಿನ್ನಲ್ಲಿ ಇಂಥದು ಕಡಿಮೆ ಇದೆ, ಬಾ ತುಂಬಿಸುತ್ತೇನೆ ಎನ್ನುವ ಕಾಲೇಜು ಅದು. ಉಳಿದ ಕಾಲೇಜುಗಳು ಶುಲ್ಕ ತುಂಬಿಸಿಕೊಳ್ಳುತ್ತವೆ.

ಇನ್ನೊಂದು ಸಂಕಟ ಇದೆ. ಇದನ್ನು ಬರೆಯುವವರು ಕಡಿಮೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಬೀದಿಯಲ್ಲಿ ತೆಲುಗು. ಹಲವರು ಹತ್ತನೆಯ ತನಕ ತೆಲುಗು ಮಾಧ್ಯಮದಲ್ಲೇ ಓದಿದವರು. ಇಂಟರಿಗೆ ಹೋದ ದಿನವೇ ವಿಜ್ಞಾನವೆಲ್ಲ ಇಂಗ್ಲಿಷಾಗುತ್ತದೆ. ಭೌತಶಾಸ್ತ್ರ ಬರದೆ ಹಿಂದುಳಿದನೋ ಇಂಗ್ಲಿಷ್ ತಿಳಿಯದೆ ಹಿಂದುಳಿದನೋ ಎಂದು ಯಾರೂ ವಿಚಾರಿಸುವುದಿಲ್ಲ. ಎರಡನೆಯ ಭಾಷೆಯ ಗತಿ ಇನ್ನೂ ವಿಚಿತ್ರ. ತೆಲುಗು ಬಿಟ್ಟು ಸಂಸ್ಕೃತ ತೆಗೆದುಕೋ, ಅಂಕ ಸುರಿಯುತ್ತದೆ ಎನ್ನುತ್ತಾರೆ. ನೂರಕ್ಕೆ ತೊಂಬತ್ತೆಂಟು ಬಂದ ಹುಡುಗನಿಗೆ ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲು ಬರುವುದಿಲ್ಲ. ಆದರೂ ನೆನಪಿಡಿ, ಇಂಜಿನಿಯರಿಂಗ್ ರ್ಯಾಂಕಿಗೆ ಸೇರಿಸುವ ಇಂಟರಿನ ನೂರಕ್ಕೆ ೨೫ರ ಪಾಲಿನಲ್ಲಿ ಗಣಿತ, ಭೌತ, ರಸಾಯನಗಳ ಅಂಕ ಮಾತ್ರ ಲೆಕ್ಕ. ಸಂಸ್ಕೃತದ ತೊಂಬತ್ತೆಂಟು ಅಲ್ಲಿ ಬರುವುದಿಲ್ಲ. ಏಜೆಂಟ್ ಇದನ್ನು ಹೇಳಿದನೆ?

ಕನ್ನಡವನ್ನು ಮನೆಯಲ್ಲಿ ಓದಲು ಬರೆಯಲು ಕಲಿಸಿರಿ ಎಂದು ನಾವು ಹೇಳಿದರೆ, ಭಾಷಾಭಿಮಾನದ ಭಾಷಣ ಎಂದು ಕೆಲವರು ಆಕಳಿಸುತ್ತಾರೆ. ಆಕಳಿಸಬೇಡಿ. ತಾಯ್ನುಡಿ ಕನ್ನಡ, ತುಳು ಅಥವಾ ಕೊಡವ ಆಗಿರುವ ಹೊರನಾಡಿನ ಮಕ್ಕಳಿಗೆ ಕರ್ನಾಟಕದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಿಗೆ ಅರ್ಜಿ ಹಾಕಲು ಹೊರನಾಡ ಕನ್ನಡಿಗರೆಂಬ ಒಂದು ಕಲಮು ಇದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ನಾಲ್ಕು ಸಾಲು ಕನ್ನಡ ಬರೆಯಲು ಬಾರದೆ ಆ ಬಾಗಿಲು ಕಳೆದುಕೊಂಡರೆ ಯಾರನ್ನು ಬಯ್ಯುವುದು?

ಊರಿಗೆ ಕಳಿಸುವವರಿಗೂ ಒಂದು ಮಾತು. ಖರ್ಚು ಕಡಿಮೆಯೆಂದು ಹುಡುಗನನ್ನು ಒಂಬತ್ತನೆಯ ತರಗತಿಗೆ ಕುಂದಾಪುರದ ಅಜ್ಜಿಮನೆಗೆ ಕಳಿಸಿ, ಇಂಟರಿಗೆ ಮತ್ತೆ ಇಲ್ಲಿಗೆ ಕರೆಸುತ್ತಾರೆ. ಆಂಧ್ರದಲ್ಲಿ ೧೯೭೪ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ನೂರಕ್ಕೆ ೮೫ ಸೀಟು ಸ್ಥಳೀಯರಿಗೆ. ಇಂಟರ್ ಪರೀಕ್ಷೆಗೆ ಕುಳಿತ ವರ್ಷವೂ ಸೇರಿ ಎಡೆಬಿಡದೆ ನಾಲ್ಕು ವರ್ಷ ಇಲ್ಲಿ ಓದಿದವನು ಸ್ಥಳೀಯ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಏಳು ವರ್ಷದ ಓದು ಕೇಳುತ್ತಾರೆ. ನಡುವೆ ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಎಂದು ಓಡಾಡಿಸಿದರೆ ಹುಡುಗ ಎರಡೂ ಕಡೆ ಪರದೇಶಿಯಾಗುತ್ತಾನೆ. ಗ್ರೂಪಿನ ಯೋಚನೆ ಹತ್ತನೆಯದು ಮುಗಿದ ಮೇಲೆ ಮಾಡುವುದಲ್ಲ, ಎಂಟನೆಯದರಲ್ಲೇ ಮಾಡಬೇಕೆಂದು ನಾವು ಹೇಳುವುದು ಇದಕ್ಕಾಗಿ. ಕೇಂದ್ರ ಪಠ್ಯದ ಶಾಲೆಯಲ್ಲಿ ಓದಿಸುವ ಬಂಧುಗಳಿಗಂತೂ ಆಯ್ಕೆ ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲೇ ಬರುತ್ತದೆ. ೨೦೨೦ರ ಪರೀಕ್ಷೆಯಿಂದ ಅಲ್ಲಿ ಸಾದಾ ಗಣಿತ, ಪೂರ್ಣ ಗಣಿತ ಎಂದು ಎರಡು ಬಗೆ ಮಾಡಿದ್ದಾರೆ. ಸಾದಾ ತೆಗೆದುಕೊಂಡವನಿಗೆ ಮುಂದೆ ಗಣಿತದ ದಾರಿ ಇಕ್ಕಟ್ಟಾಗುತ್ತದೆ ಎಂದು ತಿಳಿದೇ ಸಹಿ ಹಾಕಿ.

ಎಂ.ಪಿ.ಸಿ.ಯೇ ಬೇಕು, ಹುಡುಗನಿಗೆ ಯಂತ್ರವೆಂದರೆ ಪ್ರಾಣ, ಆದರೆ ಹಣವಿಲ್ಲ ಎನ್ನುವವರಿಗೆ ದಾರಿ ಇಲ್ಲವೆ? ಇದೆ. ಹತ್ತನೆಯದಾದ ಮೇಲೆ ಪಾಲಿಸೆಟ್ ಬರೆದು ಸರಕಾರಿ ಪಾಲಿಟೆಕ್ನಿಕ್ ಸೇರಬಹುದು. ಮೂರು ವರ್ಷದ ಡಿಪ್ಲೊಮಾ. ಗಣಿತ ಭೌತ ರಸಾಯನವನ್ನು ಕೈಕೆಲಸದೊಡನೆ ಕಲಿಸುತ್ತಾರೆ. ಆಮೇಲೆ ಇಸೆಟ್ ಬರೆದರೆ ಬಿ.ಟೆಕ್. ಎರಡನೆಯ ವರ್ಷಕ್ಕೇ ನೇರ ಪ್ರವೇಶ. ನಡುವೆ ಕೈ ಸೋತರೆ ಡಿಪ್ಲೊಮಾದ ಮೇಲೆ ಕೆಲಸವಾದರೂ ಸಿಕ್ಕೀತು. ಇಂಟರ್ ಮಾಡಿ ಸೋತವನ ಕೈಯಲ್ಲಿ ಏನಿದೆ? ಇಂಟರನ್ನೇ ಓದಬೇಕೆಂದರೆ ಸರಕಾರಿ ಜೂನಿಯರ್ ಕಾಲೇಜುಗಳಿವೆ. ೨೦೨೫ರ ಜನವರಿಯಲ್ಲಿ ಅಲ್ಲಿ ಮಧ್ಯಾಹ್ನದ ಊಟವನ್ನೂ ಆರಂಭಿಸಿದರು. ಅಲ್ಲಿನ ಉಪನ್ಯಾಸಕರು ಹೋಟೆಲಿನ ಹಿಂಬಾಗಿಲಿಗೆ ಕರಪತ್ರ ಹಿಡಿದು ಬರುವುದಿಲ್ಲ, ಆದುದರಿಂದ ಅವರು ಇದ್ದಾರೆಂಬುದೇ ನಮಗೆ ತಿಳಿಯುವುದಿಲ್ಲ.

ಧಣಿಗಳಿಗೆ ನಮ್ಮ ಬೇಡಿಕೆ ಇಷ್ಟು. ಮಕ್ಕಳ ಪ್ರವೇಶದ ದಿನ ಸಂಬಳ ಕಡಿಯದೆ ರಜೆ ಕೊಡಬೇಕು. ಶುಲ್ಕಕ್ಕೆಂದು ಕೊಟ್ಟ ಮುಂಗಡಕ್ಕೆ ಕಾಗದ ಇರಬೇಕು, ತಿಂಗಳ ಕಂತು ಬರೆದಿರಬೇಕು, ಅದರ ಹೆಸರಿನಲ್ಲಿ ಕಾರ್ಮಿಕನನ್ನು ಕಟ್ಟಿಹಾಕಕೂಡದು. ಪರೀಕ್ಷೆಯ ತಿಂಗಳಲ್ಲಿ ಹುಡುಗರನ್ನು ರಾತ್ರಿ ಕ್ಲೀನಿಂಗಿಗೆ ಕರೆಯಕೂಡದು. ಯಾವ ಹೋಟೆಲಿನಲ್ಲಿ ಹೀಗಾಗುತ್ತಿದೆಯೆಂದು ನಮಗೆ ಗೊತ್ತಿದೆ, ಮುಂದಿನ ಸಲ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ.

ತಂದೆತಾಯಿಗಳು ಫಲಿತಾಂಶ ಬರುವ ತನಕ ಯಾವ ಏಜೆಂಟನ ಕೈಗೂ ಒಂದು ರೂಪಾಯಿ ಕೊಡಬೇಡಿ. ಸೀಟು ಹೋದೀತೆಂಬ ಹೆದರಿಕೆ ಹುಟ್ಟಿಸುವುದೇ ಅವನ ಕಸುಬು. ಈ ಬೇಸಿಗೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದರ ತನಕ, ಹೋಟೆಲಿನಲ್ಲಿ ಊಟ ಮುಗಿದು ಟಿಫಿನ್ ಶುರುವಾಗುವ ಮೊದಲು, ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕುತ್ತೇವೆ. ಎಂಟನೆಯದರಿಂದ ಹತ್ತನೆಯದರ ತನಕದ ಅಂಕಪಟ್ಟಿ, ಸಿಕ್ಕರೆ ಗಣಿತದ ಉತ್ತರಪತ್ರಿಕೆ, ಮತ್ತು ಮುಖ್ಯವಾಗಿ ಹುಡುಗನನ್ನೋ ಹುಡುಗಿಯನ್ನೋ ಕರೆತನ್ನಿ, ಮಾತಾಡುವವರು ಅವರೇ. ಉಪನ್ಯಾಸಕರು ಬರುತ್ತಾರೆ. ಬರೆದುಕೊಳ್ಳಲು ಆ ಅಡಿಗೆಯ ಬಂಧುವಿನ ಮಗಳು ಒಪ್ಪಿದ್ದಾಳೆ. ಎಲ್ಲಕ್ಕಿಂತ ಮೊದಲು ಅಂಕಪಟ್ಟಿ ತನ್ನ ಕೈಗೆ ಬರಬೇಕು, ಆಮೇಲೆ ಚಿಕ್ಕಪ್ಪನವರು ಬಾಯಿ ತೆರೆಯಬಹುದು ಎಂಬುದು ಆಕೆಯ ಷರತ್ತು. ನಾವು ಒಪ್ಪಿಕೊಂಡಿದ್ದೇವೆ.